ಹೆಗಲ ಮೇಲೆ ಇಟ್ಟ ಕಾಲು

ನಾನು ಮದುವೆಯಾಗಿ ಯಲ್ಲಾಪುರಕ್ಕೆ ಬಂದದ್ದು 1997ರಲ್ಲಿ. ಆ ವರ್ಷದ ಚಳಿಗಾಲದಲ್ಲಿ ಊರಿನ ಮೈದಾನದಲ್ಲಿ ನೋಡಿದ ಫುಟ್‌ಬಾಲ್ ಪಂದ್ಯವೊಂದು ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಯಾರು ಗೆದ್ದರು ಎಂದು ಕೇಳಿದರೆ ಮಾತ್ರ ಹೇಳಲಾರೆ.

ನನ್ನ ತವರು ಸಿದ್ದಾಪುರದ ಹತ್ತಿರದ ಕೋಲಸಿರ್ಸಿ. ಗದ್ದೆ ಕೊಯ್ಲಾದ ಮೇಲೆ ಹುಡುಗರು ಆಡುವ ವಾಲಿಬಾಲ್ ಬಿಟ್ಟರೆ ಬೇರೆ ಆಟ ನೋಡಿದವಳಲ್ಲ. ಯಲ್ಲಾಪುರಕ್ಕೆ ದಾಂಡೇಲಿ, ಹಳಿಯಾಳ, ಮುಂಡಗೋಡದ ಕಡೆಯಿಂದ ಫುಟ್‌ಬಾಲ್ ತಂಡಗಳು ಬರುತ್ತಿದ್ದವು. ಮೈದಾನದ ಸುತ್ತ ಹಗ್ಗ ಕಟ್ಟುತ್ತಿದ್ದರು. ಹಗ್ಗದ ಹಿಂದೆ ಊರಿಗೆ ಊರೇ ನಿಂತು ನೋಡುತ್ತಿತ್ತಂತೆ.

ನಮ್ಮ ಮಾವ ಹೈಸ್ಕೂಲಿನಲ್ಲಿ ಮಾಸ್ತರಾಗಿ ನಿವೃತ್ತರಾದವರು. ಮೊಣಕಾಲು ನೋವು, ಕೈಯಲ್ಲಿ ಸದಾ ಕೋಲು. ಹಿಂದಿನ ವರ್ಷ ಅವರು ಒಂದು ತಾಸು ನಿಂತು ನೋಡಿ ಎರಡು ದಿನ ಹಾಸಿಗೆ ಹಿಡಿದಿದ್ದರು. ಹಾಗಾಗಿ ಈ ಸಲ ಆಟ ನಡೆಸುವವರಿಗೆ ಅವರೇ ಒಂದು ಸಲಹೆ ಕೊಟ್ಟಿದ್ದರು. ಹೆಂಗಸರು, ವಯಸ್ಸಾದವರು ತುದಿಗಾಲಲ್ಲಿ ನಿಂತು ಯಾಕೆ ನೋಡಬೇಕು, ಒಂದು ಗ್ಯಾಲರಿ ಕಟ್ಟಿ, ಕುರ್ಚಿಗೆ ನಂಬರು ಕೊಡಿ, ಅವರವರ ಜಾಗದಲ್ಲಿ ಅವರವರು ಮರ್ಯಾದೆಯಿಂದ ಕೂರಲಿ ಎಂದು. ಎಲ್ಲರಿಗೂ ಸರಿ ಕಂಡಿತು. ಬಿಸಿಲು ಬೆನ್ನಿಗೆ ಬೀಳುವ ಪಡುವಣ ಬದಿಯಲ್ಲಿ, ಅಡಿಕೆ ಮರದ ಕಂಬ ನೆಟ್ಟು, ಹಲಗೆ ಹಾಸಿ ನಾಲ್ಕು ಹಂತದ ಗ್ಯಾಲರಿ ಎದ್ದಿತು.

ನಮ್ಮನೆಯವರಿಗೆ ಮಾತ್ರ ಇದು ಹಿಡಿಸಲಿಲ್ಲ. ಅದು ನಾಟಾ ಡಿಪೋದಲ್ಲಿ ಮರದ ದಿಮ್ಮಿ ಹೊರುವ ಹಮಾಲರು ವರ್ಷವೂ ನಿಲ್ಲುವ ಜಾಗ, ಅವರು ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ನಿಲ್ಲುವವರಿಗೆ ಎಲ್ಲಿಯಾದರೇನು ಎಂದರು ಮಾವ. ಮನೆಗೆ ಹೊಸಬಳಾದ ನಾನು ಸುಮ್ಮನೆ ಕೇಳಿಸಿಕೊಂಡೆ.

ಆ ದಿನ ನಮ್ಮನೆಯವರು ಗೆಳೆಯರ ಜೊತೆ ನಿಂತು ನೋಡಲು ಎದುರು ಬದಿಗೆ ಹೋದರು. ನಾನು ಮದುವೆಯ ಹಸಿರು ಸೀರೆ ಉಟ್ಟು ಮಾವನ ಜೊತೆ ಗ್ಯಾಲರಿ ಹತ್ತಿದೆ. ನಮ್ಮ ನಂಬರು ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿತ್ತು, ಮೂಲೆಯ ಎರಡು ಕುರ್ಚಿ. ಹಿಂದೆ ತಿರುಗಿ ಕೆಳಗೆ ನೋಡಿದರೆ ಹಮಾಲರು ಕಂಡರು. ಬೇರೆಲ್ಲೂ ಜಾಗ ಸಿಗದೆ ಗ್ಯಾಲರಿಯ ಅಡಿಯಲ್ಲೇ ನಿಂತು, ಹಲಗೆಯ ಸಂದಿಯಿಂದ, ಕೂತವರ ಕಾಲುಗಳ ನಡುವಿನಿಂದ ಆಟ ನೋಡುತ್ತಿದ್ದರು. ನನಗೆ ಒಂದು ತರಹ ಆಯಿತು. ಸೀರೆಯ ನೆರಿಗೆ ಒಟ್ಟು ಮಾಡಿ ಕಾಲು ಒಳಗೆ ಎಳೆದುಕೊಂಡೆ.

ಆಟ ಶುರುವಾದ ಮೇಲೆ ಎಲ್ಲ ಮರೆತುಹೋಯಿತು. ಅಷ್ಟು ಎತ್ತರದಿಂದ ನಾನು ಏನನ್ನೂ ನೋಡಿದವಳಲ್ಲ. ಇಳಿಬಿಸಿಲಿಗೆ ಮೈದಾನದ ಕೆಂಪು ಧೂಳು ಎದ್ದು ನಿಂತು ಹೊಳೆಯುತ್ತಿತ್ತು. ಅದರೊಳಗೆ ಆಟಗಾರರು ಓಡುವುದು ನೀರಿನಡಿಯಲ್ಲಿ ಮೀನು ಸುಳಿದ ಹಾಗೆ ಕಾಣುತ್ತಿತ್ತು. ಒದ್ದ ಸದ್ದು ಚೆಂಡು ಮೇಲೆ ಹೋದ ಎಷ್ಟೋ ಹೊತ್ತಿನ ಮೇಲೆ ಕಿವಿಗೆ ಬಂದಂತೆ ಆಗುತ್ತಿತ್ತು. ಎದುರು ಬದಿಯ ಜನ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಗಾಳಿಗೆ ಬಾಗುವ ಭತ್ತದ ಹಾಗೆ ಒಟ್ಟಿಗೆ ಬಾಗುತ್ತಿದ್ದರು. ಅದರಲ್ಲಿ ನಮ್ಮನೆಯವರು ಎಲ್ಲಿದ್ದಾರೆ ಎಂದು ಹುಡುಕುತ್ತ ನಾನು ಎಲ್ಲಿ ಕೂತಿದ್ದೇನೆ ಎನ್ನುವುದನ್ನೇ ಮರೆತಿದ್ದೆ.

ಎರಡನೇ ಅರ್ಧದಲ್ಲಿ ಒಬ್ಬ ಆಟಗಾರ ಚೆಂಡನ್ನು ಒಬ್ಬನೇ ಗೋಲಿನ ಹತ್ತಿರ ಒಯ್ದ. ಗ್ಯಾಲರಿಯಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಮಾವನೂ ಎದ್ದರು, ನಾನೂ ಎದ್ದೆ. ಅಡಿಯಲ್ಲಿ ಏನೋ ಲಟಕ್ಕೆಂದಿತು. ಕುರ್ಚಿಗಳು ಜಾರಿದವು. ಮೈದಾನ, ಜನ, ದೂರದ ಮರಗಳು ಎಲ್ಲ ನಿಧಾನವಾಗಿ ಕೆಳಗೆ ಹೋದವು, ಕಣ್ಣಿನ ತುಂಬ ಆಕಾಶ ಬಂತು. ನಾವು ಹಿಂದಕ್ಕೆ ವಾಲುತ್ತಿದ್ದೇವೆ ಎಂದು ತಿಳಿಯುವಷ್ಟರಲ್ಲಿ ಎಲ್ಲ ನಿಂತಿತು.

ಯಾಕೆ ನಿಂತಿತೆಂದು ಆ ಕ್ಷಣಕ್ಕೆ ತಿಳಿಯಲಿಲ್ಲ. ಆಮೇಲೆ ಅಡಿಯಿಂದ ಒಂದು ದನಿ ಬಂತು. "ಯಾರೂ ಅಲುಗಾಡಬ್ಯಾಡ್ರಿ. ಒಬ್ಬೊಬ್ಬರ ಇಳೀರಿ."

ಸಂದಿಯಿಂದ ಬಗ್ಗಿ ನೋಡಿದೆ. ಹತ್ತು ಹನ್ನೆರಡು ಹಮಾಲರು ಗ್ಯಾಲರಿಯ ಅಡ್ಡ ತೊಲೆಗೆ ಹೆಗಲು ಕೊಟ್ಟು ನಿಂತಿದ್ದರು. ಓಡಿ ಹೋಗಬಹುದಿತ್ತು, ಹೋಗಿರಲಿಲ್ಲ.

ಕೆಳಗಿನ ಸಾಲಿನವರು ಮುಂದಿನಿಂದ ಇಳಿದರು. ಮಕ್ಕಳನ್ನು ಕೈಯಿಂದ ಕೈಗೆ ದಾಟಿಸಿದರು. ನಮ್ಮ ಮೂಲೆಯಿಂದ ಮುಂದೆ ಹೋಗುವ ಹಲಗೆ ಮುರಿದಿತ್ತು. ನಾವು ಹಿಂದಿನಿಂದ, ಅವರ ತಲೆಯ ಮೇಲಿಂದಲೇ ಇಳಿಯಬೇಕಿತ್ತು. ಮೈದಾನದಲ್ಲಿ ಇದೇನೂ ತಿಳಿಯದೆ ಆಟ ಇನ್ನೂ ನಡೆಯುತ್ತಿತ್ತು. ಸೀಟಿ ಕೇಳುತ್ತಿತ್ತು. ನನಗೆ ಹೆದರಿಕೆಯೂ ಆಗುತ್ತಿರಲಿಲ್ಲ, ಬೇರೆ ಯಾರದ್ದೋ ಕನಸಿನಲ್ಲಿ ನಾನಿದ್ದೇನೆ ಅನ್ನಿಸುತ್ತಿತ್ತು.

ಮಾವ ನನ್ನ ಕೈ ಹಿಡಿದಿದ್ದರು. "ತಂಗೀ, ನೀನು ಮೊದ್ಲು ಇಳಿ. ಆನು ಆಮೇಲೆ ಬತ್ತೆ," ಎಂದರು.

ಅವರ ಕಾಲಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಅವರೊಬ್ಬರನ್ನೇ ಮೇಲೆ ಬಿಟ್ಟರೆ ಇಳಿಸುವವರು ಯಾರು? ಆವರೆಗೆ ಮಾವನಿಗೆ ಎದುರು ಮಾತಾಡದ ನಾನು, ನೀವು ಇಳಿಯದೆ ನಾನು ಇಳಿಯುವುದಿಲ್ಲ ಎಂದುಬಿಟ್ಟೆ. ಅವರ ಕೋಲು ಕಸಿದು ಕೆಳಗೆ ಹಾಕಿದೆ. ಕಂಕುಳಿಗೆ ಕೈ ಕೊಟ್ಟು ಅವರನ್ನು ಅಂಚಿನಲ್ಲಿ ಕೂರಿಸಿದೆ. ಕೆಳಗಿನಿಂದ ಇಬ್ಬರು ಅವರ ಸೊಂಟ ಹಿಡಿದು, ದೇವರ ಮೂರ್ತಿ ಇಳಿಸುವಂತೆ ಇಳಿಸಿಕೊಂಡರು.

ಕೊನೆಗೆ ಉಳಿದವಳು ನಾನು. ಹಲಗೆಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ. ನೆಲ ಸಿಗಲಿಲ್ಲ. ಸಿಕ್ಕಿದ್ದು ಒಬ್ಬನ ಹೆಗಲು. ಅವನ ಒಂದು ಹೆಗಲ ಮೇಲೆ ತೊಲೆಯಿತ್ತು, ಇನ್ನೊಂದು ಖಾಲಿ ಇತ್ತು. ನಾನು ಚಟ್ಟನೆ ಕಾಲು ಹಿಂದೆಗೆದೆ. ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಗುರುತು ಪರಿಚಯವಿಲ್ಲದ ಮನುಷ್ಯನನ್ನು ತುಳಿಯುವುದು ಹೇಗೆ?

"ಇಡ್ರಿ ಅಕ್ಕಾ, ದಿನಾ ನಾಟಾ ಹೊರೂ ಹೆಗಲ ಇದು," ಎಂದ ಅವನು.

ಬೆರಳ ತುದಿ ಮಾತ್ರ ಇಟ್ಟೆ.

"ಅರ್ಧಾ ಇಟ್ರ ಇಬ್ಬರೂ ಬೀಳ್ತೇವಿ. ಪೂರ್ತಿ ಭಾರ ಹಾಕ್ರಿ."

ಕಣ್ಣು ಮುಚ್ಚಿ ಪೂರ್ತಿ ಭಾರ ಹಾಕಿದೆ. ಅವನ ಹೆಗಲು ಒಂದು ಎಳೆಯಷ್ಟೂ ಕುಸಿಯಲಿಲ್ಲ. ಅಂಗಾಲಿನಡಿ ಅವನ ಬೆವರು, ಬಿಸಿ, ಉಸಿರಿನ ಏರಿಳಿತ ಎಲ್ಲ ತಿಳಿಯಿತು. ಯಾರೋ ಕೈ ಹಿಡಿದರು, ನಾನು ನೆಲದ ಮೇಲಿದ್ದೆ.

ಎಲ್ಲರೂ ದೂರ ಸರಿದ ಮೇಲೆ ಹಮಾಲರು ಒಟ್ಟಿಗೆ ದನಿ ಕೊಟ್ಟು ತೊಲೆ ಬಿಟ್ಟು ಹಾರಿದರು. ಗ್ಯಾಲರಿ ಧೂಳೆಬ್ಬಿಸಿ ಕುಸಿದುಬಿತ್ತು. ತರಚಿದ ಗಾಯ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಅಷ್ಟರಲ್ಲಿ ನಮ್ಮನೆಯವರು ಮೈದಾನದ ನಡುವಿನಿಂದಲೇ, ಆಟಗಾರರನ್ನು ತಳ್ಳಿಕೊಂಡು ಓಡಿ ಬಂದಿದ್ದರು.

ನನಗೆ ಹೆಗಲು ಕೊಟ್ಟ ಆ ಮನುಷ್ಯ ತೊಲೆ ಹೊತ್ತ ಇನ್ನೊಂದು ಹೆಗಲನ್ನು ಪಂಜೆಯಿಂದ ಒರೆಸಿಕೊಳ್ಳುತ್ತಿದ್ದ. ಚರ್ಮ ಕಿತ್ತು ರಕ್ತ ಬಂದಿತ್ತು. ಮಾವ ಅವನ ಬಳಿ ಹೋದರು. ನಿಮ್ಮ ಜಾಗ ಕಸಿದದ್ದು ನಾನು, ಕುರ್ಚಿ ಹಾಕಿಸಿದ್ದು ನಾನೇ ಎಂದರು.

ಅವನು ಬಿದ್ದ ಗ್ಯಾಲರಿ ನೋಡಿದ, ಮೈದಾನ ನೋಡಿದ, ನಕ್ಕ. "ಇರ್ಲಿ ಬಿಡ್ರಿ ಮಾಸ್ತರ್ರ. ಈಗ ಎಲ್ಲಾರಿಗೂ ಚಲೋ ಕಾಣ್ತೈತಿ."

ಗ್ಯಾಲರಿ ಬಿದ್ದ ಸದ್ದಿಗೆ ನಿಂತಿದ್ದ ಆಟ ಮತ್ತೆ ಶುರುವಾಯಿತು. ಯಾರೋ ಮಾವನಿಗೆ ಕುರ್ಚಿ ತಂದರು. ಅವರು ಕೂರಲಿಲ್ಲ. ಕೋಲೂರಿ, ಆ ಮನುಷ್ಯನ ಪಕ್ಕ, ಹಮಾಲರ ಸಾಲಿನಲ್ಲಿ ಕೊನೆಯವರೆಗೂ ನಿಂತರು. ನಾನೂ ನಮ್ಮನೆಯವರೂ ಅವರ ಹಿಂದೆ ನಿಂತೆವು. ಕತ್ತು ಚಾಚಿದರೂ ನನಗೆ ಬೆನ್ನುಗಳು ಬಿಟ್ಟರೆ ಏನೂ ಕಾಣಲಿಲ್ಲ. ಚೆಂಡು ಹತ್ತಿರ ಬಂದಾಗ ಸಾಲು ಬಾಗುತ್ತಿತ್ತು, ಅದರ ಜೊತೆ ನಾನೂ ಬಾಗುತ್ತಿದ್ದೆ.

ಜನ ಚದುರಿದಾಗ ಅವನೂ ಹೋಗಿಬಿಟ್ಟ. ಹೆಸರು ಕೇಳಲೇ ಇಲ್ಲ. ಕಿರವತ್ತಿ ಕಡೆಯವನಿರಬೇಕು ಎಂದರು ಕೆಲವರು. ಮಾವ ಎರಡು ಸಲ ಬಸ್ಸು ಹತ್ತಿ ಅಲ್ಲಿಗೆ ಹೋಗಿ ವಿಚಾರಿಸಿ ಬಂದರು. ಅಂಥ ಹೆಗಲಿನವರು ಅಲ್ಲಿ ಬಹಳ ಮಂದಿ ಇದ್ದಾರೆ ಎಂದಷ್ಟೇ ಹೇಳಿದರು. ಮರುವರ್ಷ ಅವರೇ ನಿಂತು, ವಯಸ್ಸಾದವರಿಗೆ ಬೆಂಚುಗಳನ್ನು ಗೋಲಿನ ಪಕ್ಕ ನೆಲದ ಮೇಲೆ ಹಾಕಿಸಿದರು. ಪಡುವಣ ಬದಿಯನ್ನು ನಿಲ್ಲುವವರಿಗೆ ಬಿಡಿಸಿದರು.

ಮಾವ ಈಗಿಲ್ಲ. ಆಟಗಳನ್ನು ನಾನು ಆಮೇಲೆ ಎಷ್ಟೋ ನೋಡಿದ್ದೇನೆ, ಸಿಮೆಂಟಿನ ಮೆಟ್ಟಿಲ ಮೇಲೆ ನಂಬರಿನ ಕುರ್ಚಿಯಲ್ಲಿ ಕೂತೂ ನೋಡಿದ್ದೇನೆ. ಆ ಮನುಷ್ಯನ ಮುಖ ನನಗೆ ಈಗ ಸರಿಯಾಗಿ ನೆನಪಿಲ್ಲ. ಆದರೆ ಕೆಲವು ದಿನ ಬೆಳಿಗ್ಗೆ ಅರೆ ಎಚ್ಚರದಲ್ಲಿ ಹಾಸಿಗೆಯಿಂದ ಕಾಲು ಇಳಿಸುವಾಗ, ನೆಲ ತಾಗುವ ಮೊದಲು, ಬಲ ಅಂಗಾಲಿಗೆ ಅವನ ಹೆಗಲು ಸಿಗುತ್ತದೆ. ಆಗ ನಾನು ಅವಸರ ಮಾಡುವುದಿಲ್ಲ. ಪೂರ್ತಿ ಭಾರ ಹಾಕಿ ಏಳುತ್ತೇನೆ.