ಒಳಗೆ ಬಿಟ್ಟ ಬಟ್ಟೆ

ಆಳಂದದ ನನ್ನ ಚರ್ಮದ ಕ್ಲಿನಿಕ್ಕಿಗೆ ಬ್ಲೌಸ್ ಹೊಲಿಯುವ ಶಮೀಮ್ ಬಂದರು. ಐವತ್ತು ದಾಟಿದ ವಿಧವೆ. ಕೆನ್ನೆಯ ಸುಕ್ಕು ತೋರಿಸಿ, "ನಿಕಾಹ್ ಅದರಿ ಮೇಡಂ, ಏನರ ಮಾಡ್ರಿ" ಅಂದರು.

"ಮಗಳದೇನ್ರಿ?"

"ನಂದೇ ರೀ."

ಕೆಂಪಾದದ್ದು ನನ್ನ ಮುಖ. ತಡವರಿಸುತ್ತ ವಿವರಿಸಿದೆ: ಲೇಸರ್ ಚರ್ಮವನ್ನು ನಯ ಮಾಡುತ್ತದೆ, ಜೋತುಬಿದ್ದದ್ದನ್ನು ಎತ್ತುವುದಿಲ್ಲ. ಎತ್ತಲು ಆಪರೇಷನ್ನೇ ಬೇಕು, ಬಾವು ಇಳಿಯಲು ವಾರಗಟ್ಟಲೆ ಹಿಡಿಯುತ್ತದೆ.

"ಅಂದ್ರ ಒಂದು ಇಸ್ತ್ರಿ, ಇನ್ನೊಂದು ಬಿಚ್ಚಿ ಹೊಲಿಯೋದು." ಕನ್ನಡಿ ನೋಡಿಕೊಂಡು ನಕ್ಕರು. "ಬ್ಯಾಡ ಬಿಡ್ರಿ. ಬ್ಲೌಸ್ ಹೊಲಿಯುವಾಗ ಒಳಗ ಜರಾ ಬಟ್ಟಿ ಬಿಟ್ಟಿರ್ತೇನಿ, ಮುಂದ ಸಡ್ಲ ಮಾಡಾಕ. ಇದೂ ಇರ್ಲಿ. ಇನ್ನ ನಗೋದು ಭಾಳ ಅದ."

ನಿಕಾಹ್‌ಗೆ ಅವರೇ ಹೊಲಿದುಕೊಟ್ಟ ಬ್ಲೌಸ್ ತೊಟ್ಟು ಹೋದೆ. ಬಿರಿಯಾನಿ ಉಂಡ ಮೇಲೆ, ಒಳಗೆ ಬಿಟ್ಟ ಆ ಬಟ್ಟೆ ಮೊದಲು ಬೇಕಾದದ್ದು ನನಗೇ.