ಹಾಲೇಶಪ್ಪನವರ ಹುಳಿಬಾಣ

ಮೋಟಾರು ಬಂಡಿಯನ್ನೇ ಕಂಡಿರದ ರಾಂಪುರದಲ್ಲಿ ಗೌಡರಾದ ಹಾಲೇಶಪ್ಪನವರಿಗೆ ಊಟ ತಪ್ಪಿದರೂ ಸಂಜೆಯ ಬಾಣ ತಪ್ಪಬಾರದು. ಹೆಂಡತಿ ದ್ರಾಕ್ಷಾಯಣಮ್ಮನವರ ಅಡುಗೆಮನೆಯಿಂದ ಹುಣಸೆಹಣ್ಣು ಕದ್ದು, ಕಿವುಚಿ, ರಸವನ್ನು ಬಿದಿರಿನ ಕೊಳವೆಗೆ ಸುರಿದು, ಹಪ್ಪಳ ಉಬ್ಬಿಸುವ ಸೋಡಾಖಾರ ಹಾಕಿ, ಬಾಯಿಗೆ ಬೆಂಡು ಜಡಿದು, ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, "ಗಾಳಿ ಹುಟ್ಟೈತೆ, ದೂರ ಸರ್ಕೊಳ್ರಲೇ!" ಎಂದು ಕೂಗುತ್ತಾರೆ. ಒಳಗೆ ಬುಸುಗುಟ್ಟಿದ ಗಾಳಿ ಬೆಂಡನ್ನು ಒದೆಯುತ್ತಲೇ ಕೊಳವೆ ಮಾಳಿಗೆಯೆತ್ತರ ಹಾರುತ್ತದೆ. ಅವರ ಮಾತು ನಂಬುವುದಾದರೆ ಬಳ್ಳಾರಿ ಕೋಟೆಯವರಿಗೂ ಕಾಣುತ್ತದೆ. "ಸಾರಿಗೆ ಹುಳಿ ಇಲ್ಲ, ಇವ್ರ ಬಾಣಕ್ಕೆ ಐತೆ!" ಎಂದು ದ್ರಾಕ್ಷಾಯಣಮ್ಮನವರು ಒಳಗಿನಿಂದ ಬೈಯುತ್ತಾರೆ, ಗೌಡರು ಮೀಸೆಯೊಳಗೇ ನಗುತ್ತಾರೆ. ಆಕೆ ಚಳ್ಳಕೆರೆಯ ತವರಿಗೆ ಹೋದಾಗ ಮಾತ್ರ ಅಂಗಳದಿಂದ ಬಾಣ ಏಳುವುದಿಲ್ಲ. "ಯಾಕ್ರೀ ಗೌಡ್ರೆ, ಹುಳಿ ಇಲ್ವಾ?" ಎಂದು ಪಕ್ಕದ ಮನೆಯ ಚಿತ್ತಪ್ಪ ಕೇಳಿದರೆ, ಖಾಲಿ ಕೊಳವೆಯನ್ನು ಒರೆಸುತ್ತಾ, "ಗಡಿಗೆ ತುಂಬಾ ಐತೆ ಚಿತ್ತಪ್ಪ, ಬೈಯೋರಿಲ್ವಲ್ಲ," ಎನ್ನುತ್ತಾರೆ.