ಹಂಗಿಲ್ಲದ ಮಾತು

ರಾಯಚೂರಿನ ರೈಸ್ ಮಿಲ್ಲುಗಳ ಕಡೆಯಿಂದ ಗಾಳಿ ಬೀಸಿದರೆ ಸಾಕು, ಬಿಸಿ ತವುಡಿನ ವಾಸನೆ ನಮ್ಮ ಮನೆಯೊಳಗೆ ಬರುತ್ತದೆ. ಬಾಜೂ ಮನೆಯವರು ಮೂಗು ಮುರಿದು ಕಿಟಕಿ ಹಾಕಿಕೊಳ್ಳುತ್ತಾರೆ. ನಾನು ತೆರೆದಿಡುತ್ತೇನೆ. ಮಾನ್ವಿಯ ಮಿಲ್ಲೊಂದರಲ್ಲಿ ಹಮಾಲಿ ಮಾಡುತ್ತಿದ್ದ ನಮ್ಮಪ್ಪನ ಮೈಯಿಂದ ಬರುತ್ತಿದ್ದದ್ದು ಇದೇ ವಾಸನೆ. ಸಂಜೆ ಬಸ್ಸಿಳಿದು ಕಲ್ಲೂರಿನ ನಮ್ಮ ಪುಟ್ಟ ಮನೆಗೆ ಬರುವಾಗ ಅವನ ಹುಬ್ಬು, ಕಿವಿ, ಹೆಗಲ ಟವೆಲ್ಲು ಎಲ್ಲಕ್ಕೂ ತವುಡಿನ ಪುಡಿ ಮೆತ್ತಿಕೊಂಡಿರುತ್ತಿತ್ತು. ಹೊಸ್ತಿಲಲ್ಲೇ ನಿಂತು, "ಯವ್ವಾ, ನೀರು ಕೊಡಬೇ" ಅನ್ನುತ್ತಿದ್ದ. ಕರೆಯುತ್ತಿದ್ದದ್ದು ನನ್ನನ್ನು, ತನ್ನ ಮಗಳನ್ನು. ಅಂಥದೊಂದು ಕರೆ ನಿಮಗೂ ಇದ್ದಿರಬೇಕು.

ನನಗಿಟ್ಟದ್ದು ಅಪ್ಪನ ತಾಯಿಯ ಹೆಸರು, ಹುಲಿಗೆಮ್ಮ. ನಾನು ಹುಟ್ಟುವ ಮೊದಲೇ ಆಕೆ ತೀರಿಕೊಂಡಿದ್ದಳು. "ನಮ್ಮವ್ವ ತಿರುಗಿ ಬಂದಾಳ" ಎಂದು ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ್ದನಂತೆ. ಸರಿ, ಹೆಸರಿಟ್ಟ ಮೇಲೆ ಕರೆಯಬೇಕೋ ಬೇಡವೋ? ಹೆತ್ತ ತಾಯಿಯ ಹೆಸರು ಹಿಡಿದು ಕೂಗಲು ಅಪ್ಪನಿಗೆ ಬಾಯಿ ಬರದು. ಅವ್ವನೋ ಸೊಸೆ, ಅತ್ತೆಯ ಹೆಸರು ಹೇಳುವಂತಿಲ್ಲ. "ಏ ಹುಡುಗಿ, ಇಲ್ಲಿ ಬಾ" ಎಂದರೆ ಮುಗಿಯಿತು. ಅಷ್ಟು ಗತ್ತಿನ ಹೆಸರು ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಎಲ್ಲೂ ಕೇಳುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಅಪ್ಪನ ಪ್ರೀತಿಯೆಲ್ಲ ನಾನು ಕಣ್ಣಾರೆ ಕಾಣದ ಆ ಮುದುಕಿಗೇ ಹೋಗುತ್ತಿದೆ, ನನ್ನ ಪಾಲಿಗೆ ಏನೂ ಇಲ್ಲ ಅನ್ನಿಸುತ್ತಿತ್ತು. ಒಂದು ಸಲವಾದರೂ ಅವನು ನನ್ನನ್ನು ಹೆಸರು ಹಿಡಿದು ಕರೆಯಲಿ ಎಂದು ಎಷ್ಟು ಆಸೆಪಟ್ಟೆನೋ!

ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು ಅಲಂಕಾರ ಹೇಳಿಕೊಟ್ಟರು. ಅದರಂತೆ, ಅದರ ಹಾಗೆ ಎಂದರೆ ಉಪಮೆ. ಎರಡೂ ಒಂದೇ ಎಂದುಬಿಟ್ಟರೆ ರೂಪಕ. ಆಹಾ, ನನಗೆ ಬೇಕಾದದ್ದು ಸಿಕ್ಕೇಬಿಟ್ಟಿತು! ಅಂದು ಸಂಜೆ ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಉಣ್ಣಲು ಕೂತಿದ್ದ. ನಾನು ಅವನೆದುರು ಪಟ್ಟಾಗಿ ಕೂತೆ.

"ಅಪ್ಪಾ, ನಾನು ನಿಮ್ಮವ್ವ ಅಲ್ಲ. ನಿಮ್ಮವ್ವನಂಗ ಅದೀನಿ. ಹಂಗ ಅನ್ನಬೇಕು ನೀನು."

"ಅನ್ನದಿದ್ರ ಏನಾಕತಿ?"

"ಹಂಗಿಲ್ಲಂದ್ರ ಅದು ರೂಪಕ."

ಅಪ್ಪ ಕೈಯಲ್ಲಿದ್ದ ರೊಟ್ಟಿಯ ತುತ್ತನ್ನು ಹಾಗೇ ಹಿಡಿದು ಯೋಚಿಸಿದ. "ಖರೇ ಹೇಳ್ಯಾರ ನಿಮ್ಮ ಮಾಸ್ತರ್ರು. ತಾಯಿ ಮಗನ ನಡುವ ಎಂಥಾ ಹಂಗು?"

ನಾನು ಹೇಳಿದ 'ಹಂಗ' ಅವನ ಕಿವಿಯಲ್ಲಿ ಋಣದ ಹಂಗಾಗಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಹಂಗು ಅಲ್ಲಪಾ, ಹಂಗ!" ಎಂದು ನಾನು ಚೀರಿದೆ. "ಎಲ್ಲಾ ಒಂದ ಬಿಡು. ಉಣ್ಣು ಯವ್ವಾ" ಎಂದು ಅವನು ನನ್ನ ತಾಟಿಗೆ ಪುಂಡಿಪಲ್ಯ ನೀಡಿದ. ನಾನು ಮುಖ ಊದಿಸಿಕೊಂಡೇ ಉಂಡೆ.

ಆ ಒಲೆ, ಆ ಹೊಸ್ತಿಲು ಈಗಿಲ್ಲ. ಮನೆ ಇದ್ದ ಜಾಗದಲ್ಲಿ ಯಾರದೋ ಗೊಬ್ಬರದ ಅಂಗಡಿ. ಅವ್ವ ಮೊದಲೇ ಹೋದಳು. ನಾನು ಕನ್ನಡ ಟೀಚರಾಗಿ, ಅಲಂಕಾರ ಗುರುತಿಸಿರಿ ಎಂದು ಬೋರ್ಡಿನ ಮೇಲೆ ಬರೆಯುತ್ತ ಬಂದೆ. ಅಪ್ಪ ತನ್ನ ಕೊನೆಯ ದಿನಗಳಲ್ಲಿ ರಾಯಚೂರಿನ ಆಸ್ಪತ್ರೆಯಲ್ಲಿದ್ದ. ಬುದ್ಧಿ ಚುರುಕಾಗಿಯೇ ಇತ್ತು, ಮೈ ಮಾತ್ರ ಸೋತಿತ್ತು. ಸಲಾಯಿನ್ ಹಚ್ಚಲು ಬಂದ ನರ್ಸಮ್ಮ ನನ್ನನ್ನು ತೋರಿಸಿ ಕೇಳಿದಳು:

"ಅಜ್ಜಾ, ಇವರು ನಿಮಗೇನಾಗಬೇಕು?"

"ನಮ್ಮವ್ವ."

ಆಕೆ ನಕ್ಕು ನನ್ನ ಕಡೆ ತಿರುಗಿದಳು. "ಅವರವ್ವನಂಗ ಅದೀರೇನ್ರಿ ನೀವು?"

ಅಪ್ಪ ನನ್ನನ್ನೇ ನೋಡುತ್ತಿದ್ದ.

"ಹಂಗ ಅಲ್ರೀ," ಎಂದೆ. "ಅವರವ್ವನೇ ನಾನು."

ಅಪ್ಪನ ಒಣಗಿದ ತುಟಿ ಅರಳಿತು. "ನೀರು ಕೊಡಬೇ ಯವ್ವಾ" ಎಂದ. ತಲೆ ಎತ್ತಿ ಹಿಡಿದು ಕುಡಿಸಿದೆ.

ಈಗ ಶಾಲೆಯಲ್ಲಿ, ಓಣಿಯಲ್ಲಿ, ಬಜಾರಿನಲ್ಲಿ ಎಲ್ಲರೂ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ.